ಮಕ್ಕಳ ವೈದ್ಯರ ಮುಂದಿನ ಕವಲುದಾರಿ

ಮನೆಯಲ್ಲಿ ಕೂಸಿಗೆ ಜ್ವರ ಬಂದರೆ ನಾವೆಲ್ಲರೂ ಮೊದಲು ನೆನೆಯುವುದು ಮಕ್ಕಳ ಡಾಕ್ಟರನ್ನು. ಅವರು ನಮ್ಮ ಊರಿಗೆ ಹೇಗೆ ಬಂದರು, ಅಥವಾ ಏಕೆ ಬರಲಿಲ್ಲ, ಎಂದು ವಿಚಾರಮಾಡುವವರು ಮಾತ್ರ ವಿರಳ. ಅವರು ಕಲಿಯುತ್ತಿದ್ದಾಗ ಮಾಡಿದ ಒಂದು ನಿರ್ಧಾರದಲ್ಲಿ ಇದಕ್ಕೆ ಬಹುಮಟ್ಟಿಗೆ ಉತ್ತರವಿದೆ.

ಮಕ್ಕಳ ವೈದ್ಯ ನಮಗೆ ಹೊಸದೇನೂ ಅಲ್ಲ. ಆಯುರ್ವೇದದ ಎಂಟು ಅಂಗಗಳಲ್ಲಿ ‘ಕೌಮಾರಭೃತ್ಯ’ವೂ ಒಂದು. ಕುಮಾರರ ಭರಣ, ಎಂದರೆ ಮಕ್ಕಳನ್ನು ಪೊರೆಯುವುದು, ಎಂದು ಆ ಮಾತಿನ ತಾತ್ಪರ್ಯ. ಮಗುವೆಂದರೆ ದೊಡ್ಡವರ ಚಿಕ್ಕ ಪಡಿಯಚ್ಚಲ್ಲ. ನೋವು ಎಲ್ಲಿದೆಯೆಂದು ಎಳೆಗೂಸು ಹೇಳಲಾರದು. ಔಷಧವನ್ನೂ ಅದರ ತೂಕ ನೋಡಿಯೇ ಕೊಡಬೇಕು. ಆದಕಾರಣವೇ ಇದಕ್ಕೆ ಪ್ರತ್ಯೇಕ ಶಿಕ್ಷಣ.

ಆ ಶಿಕ್ಷಣ ದೀರ್ಘವಾದದ್ದು. ಎಂ.ಬಿ.ಬಿ.ಎಸ್. ಪದವಿಗೆ, ಆಸ್ಪತ್ರೆಯಲ್ಲಿನ ಒಂದು ವರ್ಷದ ತರಬೇತಿಯೂ ಸೇರಿ, 5½ ವರ್ಷ. ಮತ್ತೊಂದು ಪ್ರವೇಶ ಪರೀಕ್ಷೆ ಗೆದ್ದರೆ ಮಕ್ಕಳ ವೈದ್ಯದಲ್ಲಿ ಎಂ.ಡಿ., 3 ವರ್ಷ. ಇಲ್ಲಿ ದಾರಿ ಕವಲೊಡೆಯುತ್ತದೆ. ಊರಿಗೆ ಬಂದು ಎಲ್ಲ ಮಕ್ಕಳ ಎಲ್ಲ ಕಾಯಿಲೆಗಳನ್ನೂ ನೋಡುವುದು ಒಂದು ದಾರಿ. ಇನ್ನೂ 3 ವರ್ಷ ಓದಿ, ಡಿ.ಎಂ. ಪದವಿ ಪಡೆದು, ನವಜಾತ ಶಿಶುಗಳು, ಮಕ್ಕಳ ಹೃದಯ, ನರ ಮೊದಲಾದ ಒಂದೇ ವಿಷಯದಲ್ಲಿ ಪರಿಣತರಾಗುವುದು ಇನ್ನೊಂದು. ಈ ಪರಿಣತರಿಗೆ ಬೇಕಾದ ಸಲಕರಣೆ ಇರುವುದು ಹೆಚ್ಚಾಗಿ ದೊಡ್ಡ ನಗರಗಳಲ್ಲಿ.

ನನ್ನಲ್ಲಿ ಕನ್ನಡ ಕಲಿತ ಹುಡುಗಿಯೊಬ್ಬಳು ಎಂ.ಡಿ. ಮುಗಿಸುವ ಹೊತ್ತಿಗೆ ಮನೆಗೆ ಬಂದು, “ಮೇಷ್ಟ್ರೇ, ಊರಿಗೆ ಬರಲೋ, ಮುಂದೆ ಓದಲೋ?” ಎಂದು ಕೇಳಿದಳು. ಓದಿನ ಸಾಲ ತೀರಿರಲಿಲ್ಲ. ಶಸ್ತ್ರಚಿಕಿತ್ಸೆ ಮಾಡುವವರಷ್ಟು ಸಂಪಾದನೆ ಮಕ್ಕಳ ವೈದ್ಯರಿಗಿಲ್ಲವೆಂದಳು. ನಗರದಲ್ಲಾದರೆ ರಾತ್ರಿಯ ಪಾಳಿ ಹಂಚಿಕೊಳ್ಳಲು ಜೊತೆಗಾರರುಂಟು, ಊರಿನಲ್ಲಿ ತಾನೊಬ್ಬಳೇ ಎಂಬ ಅಳುಕೂ ಇತ್ತು. ಬರೀ ಸೇವೆಯ ಮಾತನ್ನಾಡಿ ಇದನ್ನು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ.

ಅಂಕಿಗಳನ್ನು ನೋಡಿ. ನಮ್ಮ ದೇಶದಲ್ಲಿ 1971ರಲ್ಲಿ ಹುಟ್ಟಿದ ಪ್ರತಿ ಸಾವಿರ ಕೂಸುಗಳಲ್ಲಿ 129 ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 2020ರಲ್ಲಿ ಆ ಸಂಖ್ಯೆ 28. ಲಸಿಕೆ ಹಾಕಿ, ಭೇದಿಯಾದ ಮಗುವಿಗೆ ಉಪ್ಪು-ಸಕ್ಕರೆಯ ನೀರು ಕುಡಿಸುವುದನ್ನು ತಾಯಂದಿರಿಗೆ ಕಲಿಸಿದವರ ಪಾಲು ಇದರಲ್ಲಿ ದೊಡ್ಡದು. ಆದರೆ ಆ 28ರಲ್ಲಿ 20 ಸಾವುಗಳು ಹುಟ್ಟಿದ ಮೊದಲ 28 ದಿನಗಳಲ್ಲೇ ಆದವು. ಆದ್ದರಿಂದ ನವಜಾತ ಶಿಶುಗಳ ಪರಿಣತರೂ ಬೇಕೇಬೇಕು. ಆದರೂ ಊರಿನಲ್ಲಿ ಅಪಾಯವನ್ನು ಮೊದಲು ಗುರುತಿಸುವವರಿಲ್ಲದಿದ್ದರೆ, ಕೂಸು ಆ ಪರಿಣತರ ಬಳಿಗೆ ಹೊತ್ತಿಗೆ ಸರಿಯಾಗಿ ತಲಪುವುದಾದರೂ ಹೇಗೆ?

ಆ ಹುಡುಗಿ ಈಗ ಒಂದು ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿದ್ದಾಳೆ. ಎಂ.ಡಿ. ಓದಿದವರಿಗೆ ಹೀಗೊಂದು ನಡುವಣ ದಾರಿಯೂ ಉಂಟು.

ನಮ್ಮ ಕರ್ತವ್ಯವೂ ಇದೆ. ಲಸಿಕೆಯ ದಿನ ತಪ್ಪಿಸಬೇಡಿ. ಸಣ್ಣ ನೆಗಡಿಗೆ ನಗರಕ್ಕೆ ಓಡಬೇಡಿ, ಊರಿನ ಡಾಕ್ಟರಿಗೆ ತೋರಿಸಿ. ನಗರಕ್ಕೆ ಒಯ್ಯಿರಿ ಎಂದು ಅವರೇ ಹೇಳಿದರೆ ಗಳಿಗೆಯೂ ತಡಮಾಡಬೇಡಿ. ಊರು ತಮ್ಮನ್ನು ನಂಬಿದೆಯೆಂದು ತಿಳಿದರೆ ಡಾಕ್ಟರಿಗೂ ಅಲ್ಲಿ ನಿಲ್ಲಲು ಮನಸ್ಸು ಬಂದೀತು.