ಹಳೆಯ ಪೆಟ್ರೋಲ್ ಜೀಪು: ಕೊಳ್ಳುವುದೋ, ಬಾಡಿಗೆಗೆ ಹಿಡಿಯುವುದೋ?

ಕೊಯ್ಲು ಮುಗಿದು, ಕಾಫಿ ಅಡಿಕೆಗಳ ಹಣ ಕೈಸೇರುವ ಹೊತ್ತಿಗೆ ಸಂಘದ ಜಗಲಿಯಲ್ಲಿ ಒಂದು ಮಾತು ಎದ್ದೇ ಏಳುತ್ತದೆ: “ಹಳೇದೊಂದು ಜೀಪು ಸಿಕ್ಕಿದರೆ ತೆಗೆದುಕೊಳ್ಳಬಹುದಿತ್ತು.” ಈ ವರ್ಷವೂ ಹಲವು ಸದಸ್ಯರು ಇದನ್ನೇ ಕೇಳಿದ್ದಾರೆ. ಇವರೆಲ್ಲ ನಾಲ್ಕಾರು ಎಕರೆಯ ಬೆಳೆಗಾರರು. ಹೊಸ ವಾಹನ ಕೈಗೆಟಕದು. ಬಾಡಿಗೆ ಪಿಕಪ್ ಬೇಕೆಂದ ದಿನ ಸಿಗದು. ಹಾಗಾಗಿ ಪೆಟ್ರೋಲಿನ ಹಳೆಯ ಜಿಪ್ಸಿ, ಹಳೆಯ ಜೀಪು, ಸಣ್ಣ ಪಿಕಪ್ಪುಗಳ ಮೇಲೆ ಕಣ್ಣು ಬೀಳುವುದು ಸಹಜ.

ನಾನೂ ಇದೇ ದಾರಿಯಲ್ಲಿ ನಡೆದು ಪೆಟ್ಟು ತಿಂದವನು. ಕೆಲವು ವರ್ಷಗಳ ಹಿಂದೆ ಬೇಸಿಗೆಯಲ್ಲಿ ಒಂದು ಜೀಪು ಕೊಂಡೆ. ಬಣ್ಣ ಹೊಸದು, ಸೀಟು ಹೊಸದು, ಟಾರು ರಸ್ತೆಯಲ್ಲಿ ಓಟ ಸೊಗಸು. ಮೊದಲ ಮಳೆ ಬಿದ್ದ ವಾರ, ಗೊಬ್ಬರದ ಚೀಲಗಳ ಮೇಲೆ ನಾಲ್ಕು ಆಳುಗಳನ್ನು ಕೂರಿಸಿಕೊಂಡು ತೋಟದ ಏರು ಹತ್ತುವಾಗ ಇಂಜಿನ್ ನಿಂತಿತು. ಕೈಬ್ರೇಕು ಎಳೆದರೆ ಹಿಡಿಯಲಿಲ್ಲ. ಕಾಲುಬ್ರೇಕು ಒತ್ತಿದರೂ ಗಾಡಿ ಹಿಂದಕ್ಕೆ ಜಾರತೊಡಗಿತು. ಆಳುಗಳು ಹಾರಿಕೊಂಡರು. ಹಿಂದಿನ ಚಕ್ರ ಧರೆಗೆ ತಾಗಿ ನಿಂತದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಧರೆ ಆ ಬದಿಗೆ ಇದ್ದದ್ದು ನಮ್ಮ ಪುಣ್ಯ. ಈ ಬದಿಗೆ ಹಳ್ಳವಿತ್ತು. ಅಂದಿನಿಂದ ಜೀಪಿನ ಪ್ರಶ್ನೆ ನನಗೆ ಬರಿಯ ದುಡ್ಡಿನ ಪ್ರಶ್ನೆಯಾಗಿ ಉಳಿದಿಲ್ಲ.

ಮೊದಲು ಲೆಕ್ಕ

ಗಾಡಿ ನೋಡಲು ಹೊರಡುವ ಮುನ್ನ ಒಂದು ಹಾಳೆ ತೆಗೆದುಕೊಂಡು, ಕಳೆದ ವರ್ಷ ಎಷ್ಟು ಸಲ ವಾಹನ ಹಿಡಿದಿರಿ, ಯಾವ ಕೆಲಸಕ್ಕೆ, ಎಷ್ಟು ಕೊಟ್ಟಿರಿ ಎಂದು ಬರೆಯಿರಿ. ಕೊಟ್ಟಿಗೆ ಗೊಬ್ಬರ, ರಸಗೊಬ್ಬರ, ಮೈಲುತುತ್ತ, ಸುಣ್ಣ, ಅಡಿಕೆ ಗೊನೆ, ಹಣ್ಣು ಕಾಫಿ, ಸಂಘಕ್ಕೆ ಸಾಗಿಸಿದ ಚೀಲ, ಸಂತೆ, ಆಸ್ಪತ್ರೆ ಎಲ್ಲವೂ ಇರಲಿ.

ಈಗ ಒಂದು ಉದಾಹರಣೆ ನೋಡೋಣ. ಅಂಕಿಗಳು ಕೇವಲ ಮಾದರಿಗೆ. ನಿಮ್ಮ ಊರಿನ ದರ ಹಾಕಿ ನೀವೇ ಲೆಕ್ಕಮಾಡಿ. ಗಾಡಿಯ ಬೆಲೆ 3,00,000 ರೂ., ಕೊಂಡೊಡನೆ ಮಾಡಿಸಬೇಕಾದ ದುರಸ್ತಿ 60,000 ರೂ. ಎಂದಿಟ್ಟುಕೊಳ್ಳಿ. ಈ 3,60,000 ರೂಪಾಯಿಗೆ ಶೇಕಡ 10ರಂತೆ ವರ್ಷದ ಬಡ್ಡಿ 36,000. ಸ್ವಂತ ಹಣವಾದರೂ ಬಡ್ಡಿ ಹಿಡಿಯಲೇಬೇಕು. ಅದು ಬ್ಯಾಂಕಿನಲ್ಲಿದ್ದರೆ ದುಡಿಯುತ್ತಿತ್ತು. ಗಾಡಿಯ ಬೆಲೆ ವರ್ಷಕ್ಕೆ ಇಳಿಯುವುದು 25,000. ವಿಮೆ ಮತ್ತು ನೋಂದಣಿ ನವೀಕರಣದ ಪಾಲು 12,000. ರಿಪೇರಿ 25,000. ಟೈರಿನ ಪಾಲು 8,000. ಒಟ್ಟು 1,06,000 ರೂ. ಗಾಡಿ ಕೊಟ್ಟಿಗೆಯಲ್ಲಿ ನಿಂತಿದ್ದರೂ ಇದರಲ್ಲಿ ಬಹುಪಾಲು ತಪ್ಪದು.

ಒಂದು ಸಲದ ಓಡಾಟ ಹೋಗಿ ಬಂದು 20 ಕಿಲೋಮೀಟರ್ ಎನ್ನೋಣ. ತೋಟದ ದಾರಿಯಲ್ಲಿ ಲೀಟರಿಗೆ 10 ಕಿ.ಮೀ. ಸಿಕ್ಕಿದರೆ 2 ಲೀಟರು ಬೇಕು. ಲೆಕ್ಕದ ಸುಲಭಕ್ಕೆ ಲೀಟರಿಗೆ 100 ರೂ. ಹಿಡಿದರೆ 200 ರೂ. ಅದೇ ಓಡಾಟಕ್ಕೆ ಬಾಡಿಗೆ 1,200 ರೂ. ಆದರೆ, ಸ್ವಂತ ಗಾಡಿಯಿಂದ ಪ್ರತಿ ಸಲ 1,000 ರೂ. ಉಳಿತಾಯ. ಅಂದರೆ ವರ್ಷಕ್ಕೆ 106 ಸಲ, ವಾರಕ್ಕೆ ಎರಡು ಸಲದಂತೆ ಓಡಿದರೆ ಮಾತ್ರ ಕೊಂಡದ್ದಕ್ಕೆ ಸರಿಹೋಯಿತು. ನಲವತ್ತೇ ಸಲ ಓಡಾಟವಿರುವವರಿಗೆ ಬಾಡಿಗೆಯೇ ಅಗ್ಗ.

ಆದರೆ ಎಲ್ಲವೂ ಲೆಕ್ಕಕ್ಕೆ ಬರುವುದಿಲ್ಲ. ಆಷಾಢದ ನಡುರಾತ್ರಿ ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ, ಕಣದಲ್ಲಿ ಒಣಗಿದ ಕಾಫಿಯ ಮೇಲೆ ಅಕಾಲದ ಮೋಡ ಕವಿದರೆ, ಅಂಗಳದಲ್ಲಿ ಗಾಡಿ ಇರುವುದರ ಬೆಲೆಯೇ ಬೇರೆ. ಅದಕ್ಕೆ ನಾನು ದುಡ್ಡು ಕಟ್ಟಲಾರೆ. ನಿಮ್ಮ ಮನೆಯಿಂದ ರಸ್ತೆಗೆ ಎಷ್ಟು ದೂರವೆಂಬುದರ ಮೇಲೆ ನೀವೇ ಕಟ್ಟಿಕೊಳ್ಳಿ. ಕೊರತೆಯನ್ನು ಆ ಅನುಕೂಲದ ಬೆಲೆಯೆಂದು ತಿಳಿದೇ ಕೊಳ್ಳುವುದಾದರೆ ತಪ್ಪಿಲ್ಲ. ‘ಉಳಿತಾಯವಾಗುತ್ತದೆ’ ಎಂದು ನಂಬಿ ಕೊಳ್ಳುವುದು ತಪ್ಪು.

ಪೆಟ್ರೋಲೇ, ಡೀಸೆಲ್ಲೇ?

ಡೀಸೆಲ್ ಇಂಜಿನ್ ನಿಧಾನ ಓಟದಲ್ಲೂ ಬಲವಾಗಿ ಎಳೆಯುತ್ತದೆ, ಮೈಲೇಜೂ ಹೆಚ್ಚು. ನಿಜ. ಆದರೆ ವರ್ಷಕ್ಕೆ 3,000 ಕಿ.ಮೀ. ಓಡಿಸುವ ಸಣ್ಣ ಬೆಳೆಗಾರನಿಗೆ ಈ ಲಾಭ ಎಷ್ಟು? ಪೆಟ್ರೋಲಿಗೆ ಲೀಟರಿಗೆ 10 ಕಿ.ಮೀ., ಡೀಸೆಲ್ಲಿಗೆ 13 ಕಿ.ಮೀ.; ಬೆಲೆ 100 ಮತ್ತು 90 ಎಂದು ಹಿಡಿದರೆ, ಪೆಟ್ರೋಲಿಗೆ 30,000, ಡೀಸೆಲ್ಲಿಗೆ ಸುಮಾರು 20,800 ರೂ. ವ್ಯತ್ಯಾಸ ವರ್ಷಕ್ಕೆ 9,200. ಹಳೆಯ ಡೀಸೆಲ್ ಗಾಡಿಯ ಪಂಪು, ನಾಝಲ್‌ಗಳ ಕೆಲಸ ಒಮ್ಮೆ ಬಂದರೆ ಈ ಉಳಿತಾಯ ಅಲ್ಲಿಗೇ ಹೋಗುತ್ತದೆ. ಓಟ ಕಡಿಮೆ ಇದ್ದವರಿಗೆ ಪೆಟ್ರೋಲ್ ಗಾಡಿ ದಡ್ಡತನವಲ್ಲ.

ಪೆಟ್ರೋಲಿನ ಹಳೆಯ ಗಾಡಿಗಳಲ್ಲಿ ನಮ್ಮ ಕಡೆ ಹೆಚ್ಚು ಕಾಣುವುದು ಮಾರುತಿ ಜಿಪ್ಸಿ. 1985ರ ಕೊನೆಯಲ್ಲಿ 970 ಸಿ.ಸಿ. ಇಂಜಿನ್ನಿನೊಡನೆ ಬಂದ ಈ ಗಾಡಿಗೆ 1996ರಲ್ಲಿ 1.3 ಲೀಟರಿನ ಇಂಜಿನ್ ಬಂತು; ಸಾರ್ವಜನಿಕರಿಗಾಗಿ ತಯಾರಿಸುವುದು 2019ರ ಹೊತ್ತಿಗೆ ನಿಂತಿತು. ಹಗುರ ಗಾಡಿ, ನಾಲ್ಕೂ ಚಕ್ರಕ್ಕೆ ಎಳೆತ, ಜೊತೆಗೆ ಏರಿಗೆ ಬೇಕಾದ ‘ಲೋ’ ಗೇರು. ಕೆಸರಿಗೆ ಒಳ್ಳೆಯದು. ಆದರೆ ಸಣ್ಣ ಇಂಜಿನ್ ಆದುದರಿಂದ ಬಲ ಬರುವುದು ವೇಗವಾಗಿ ತಿರುಗಿದಾಗ ಮಾತ್ರ. ಭಾರ ಹೇರಿ ಕಡಿದಾದ ಏರು ಹತ್ತುವಾಗ ‘ಲೋ’ ಗೇರು ಹಾಕದೆ ಕ್ಲಚ್ಚಿನ ಮೇಲೆ ಎಳೆದರೆ ಕ್ಲಚ್ಚು ಸುಡುತ್ತದೆ. ದಿನವೂ ಗೊಬ್ಬರವನ್ನೇ ಹೊರಬೇಕಾದವರಿಗೆ ಟಿಲ್ಲರ್ ಟ್ರೈಲರ್ ಅಥವಾ ಪಿಕಪ್ಪೇ ಮೇಲು.

ಇನ್ನೊಂದು ಹೊಸ ಸಂಗತಿ: 2025ರ ವೇಳೆಗೆ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಎಥನಾಲ್ ಪ್ರಮಾಣ ಶೇಕಡ 20ಕ್ಕೆ ಏರಿದೆ. ಎಥನಾಲಿಗೆ ಪೆಟ್ರೋಲಿಗಿಂತ ಶಕ್ತಿ ಕಡಿಮೆ, ಮೈಲೇಜು ತುಸು ಇಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಹಳೆಯ ಗಾಡಿಗಳ ರಬ್ಬರ್ ಪೈಪು, ವಾಷರು, ಕಾರ್ಬುರೇಟರಿನ ಒಳಭಾಗಗಳನ್ನು ಇದಕ್ಕೆಂದು ಮಾಡಿದ್ದಲ್ಲ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರು ಬೇರ್ಪಟ್ಟು ತಳಕ್ಕೆ ಇಳಿಯಬಹುದು. ಹಳೆಯ ಗಾಡಿ ಕೊಂಡರೆ ಪೆಟ್ರೋಲ್ ಪೈಪುಗಳನ್ನು ಮೊದಲೇ ಬದಲಾಯಿಸಿ. ನಿಲ್ಲಿಸುವುದಾದರೂ ವಾರಕ್ಕೊಮ್ಮೆ ಓಡಿಸಿ.

ಗಾಡಿ ನೋಡುವ ಕ್ರಮ

ಗಾಡಿಯನ್ನು ಬೆಳಿಗ್ಗೆ ನೋಡಿ, ಇಂಜಿನ್ ತಣ್ಣಗಿರುವಾಗ. ಮೊದಲೇ ಚಾಲೂ ಮಾಡಿಟ್ಟಿರಬಾರದೆಂದು ಹೇಳಿ. ಹೋದೊಡನೆ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿ. ಸಾಧ್ಯವಾದರೆ ಮಳೆಗಾಲದಲ್ಲೇ ನೋಡಿ. ನಂಬಿಕೆಯ ಮೇಸ್ತ್ರಿಯನ್ನು ಕರೆದೊಯ್ಯಿರಿ. ಅವನಿಗೆ ಕೊಡುವ ದಿನಗೂಲಿ ದಂಡವಲ್ಲ.

1. ತುಕ್ಕು. ಬಣ್ಣ ನೋಡಬೇಡಿ, ಅಡಿಗೆ ಮಲಗಿ ನೋಡಿ. ಚಾಸಿ, ಕಮಾನು ಪಟ್ಟಿ ಕಟ್ಟುವ ಜಾಗ, ಬಾಡಿ ಕೂರುವ ಜಾಗಗಳನ್ನು ಸ್ಪ್ಯಾನರಿನಿಂದ ತಟ್ಟಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ತಿಂದ ಕಬ್ಬಿಣ ಮಂಕಾಗಿ ಸದ್ದು ಮಾಡುತ್ತದೆ. ಅಡಿಕೆ ತೋಟದಲ್ಲಿ ದುಡಿದ ಗಾಡಿಯಾದರೆ ಹಿಂಭಾಗದ ನೆಲವನ್ನು ಮ್ಯಾಟ್ ಎತ್ತಿ ನೋಡಲೇಬೇಕು: ಚೆಲ್ಲಿದ ಮೈಲುತುತ್ತದ ದ್ರಾವಣ ಕಬ್ಬಿಣವನ್ನು ತಿನ್ನುತ್ತದೆ, ರಸಗೊಬ್ಬರವೂ ಅಷ್ಟೇ. ಚಾಸಿಗೆ ಬೆಸುಗೆ ಹಾಕಿ ಮೇಲೆ ಕಪ್ಪು ಬಣ್ಣ ಬಳಿದಿದ್ದರೆ ಅಲ್ಲಿಂದಲೇ ಮನೆಗೆ ಮರಳಿ. ಇಂಜಿನ್ ಕಟ್ಟಿಸಬಹುದು, ಚಾಸಿ ಕಟ್ಟಿಸಲಾಗದು.

2. ಇಂಜಿನ್. ನೀಲಿ ಹೊಗೆ ನಿಲ್ಲದೆ ಬಂದರೆ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಿದ್ದರೆ, ಆಯಿಲ್ ಮುಚ್ಚಳದ ಒಳಗೆ ಹಾಲಿನಂಥ ಕೆನೆಯಿದ್ದರೆ, ರೇಡಿಯೇಟರಿನ ನೀರು ಆಯಿಲಿಗೆ ಸೇರುತ್ತಿರುವ ಸಂದೇಹ. ಕಪ್ಪು ಹೊಗೆಯಾದರೆ ಪೆಟ್ರೋಲ್ ಅತಿಯಾಗಿ ಹೋಗುತ್ತಿದೆ, ಇದನ್ನು ಸರಿಮಾಡಬಹುದು. ಗ್ಯಾರೇಜಿನಲ್ಲಿ ಕಂಪ್ರೆಷನ್ ಅಳೆಸಿ. ಒಂದು ಸಿಲಿಂಡರಿನ ಅಂಕಿ ಉಳಿದವುಗಳಿಗಿಂತ ತೀರ ಕಡಿಮೆಯಿದ್ದರೆ ಇಂಜಿನ್ ಬಿಚ್ಚುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

3. ನಾಲ್ಕು ಚಕ್ರದ ಎಳೆತ. ಇದನ್ನು ಟಾರು ರಸ್ತೆಯಲ್ಲಿ ಪರೀಕ್ಷಿಸಬೇಡಿ. ಗಟ್ಟಿ ನೆಲದಲ್ಲಿ ತಿರುಗಿಸಿದರೆ ಮುಂದಿನ ಹಿಂದಿನ ಚಕ್ರಗಳು ಒಂದನ್ನೊಂದು ತಡೆದು ಗೇರು ಬಿಗಿಯಾಗುತ್ತದೆ. ಸಡಿಲ ಮಣ್ಣಿನಲ್ಲಿ ಹಾಕಿ, ಮುಂದಿನ ಚಕ್ರವೂ ಎಳೆಯುತ್ತದೆಯೇ ನೋಡಿ. ‘ಲೋ’ ಗೇರಿನಲ್ಲಿ ಏರು ಹತ್ತಿಸಿ, ಇಳಿಜಾರಿನಲ್ಲಿ ಕಾಲು ತೆಗೆದಾಗ ಗೇರು ತಾನಾಗಿ ಹೊರಬೀಳುತ್ತದೆಯೇ ಗಮನಿಸಿ.

4. ಬ್ರೇಕು. ನನ್ನ ಕಥೆ ಹೇಳಿದ್ದೇನೆ. ಏರಿನ ನಡುವೆ ನಿಲ್ಲಿಸಿ, ಕೈಬ್ರೇಕು ಎಳೆದು ಕಾಲು ತೆಗೆಯಿರಿ. ಹಿಂದೆ ಯಾರೂ ನಿಂತಿರಬಾರದು. ಇಳಿಜಾರಿನಲ್ಲೂ ಹೀಗೇ ಮಾಡಿ. ಚಕ್ರಗಳ ಒಳಬದಿಯಲ್ಲಿ ಬ್ರೇಕ್ ಆಯಿಲಿನ ಒದ್ದೆ ಇದೆಯೇ ನೋಡಿ.

5. ಟೈರು. ಟೈರಿನ ಬದಿಯಲ್ಲಿ ನಾಲ್ಕಂಕಿಯ ಗುರುತು ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗೆರೆ ಚೆನ್ನಾಗಿದ್ದರೂ ಹಳತಾದ ರಬ್ಬರು ಬಿರುಕು ಬಿಡುತ್ತದೆ.

ಕಾಗದಪತ್ರ

ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ. ಆಮೇಲೆ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. 2022ರ ಏಪ್ರಿಲ್ 1ರಿಂದ ಲಘು ವಾಹನಕ್ಕೆ ಈ ಶುಲ್ಕ 5,000 ರೂಪಾಯಿಗೆ ಏರಿತು. 20 ವರ್ಷ ದಾಟಿದವಕ್ಕೆ 2025ರಲ್ಲಿ ಇನ್ನೂ ಹೆಚ್ಚಾಯಿತು. ಇದರ ಮೇಲೆ ಹಸಿರು ತೆರಿಗೆಯೂ ಇದೆ. ಆರ್.ಟಿ.ಓ. ಕಚೇರಿಯಲ್ಲಿ ಅಂದಿನ ದರ ಕೇಳಿಕೊಂಡು ಬೆಲೆ ಮಾತಾಡಿ. 2023ರ ಏಪ್ರಿಲ್ 1ರಿಂದ ಸರ್ಕಾರಿ ಇಲಾಖೆಗಳ 15 ವರ್ಷ ದಾಟಿದ ವಾಹನಗಳಿಗೆ ನವೀಕರಣವಿಲ್ಲ. ‘ಇಲಾಖೆಯ ಜೀಪು, ಅಗ್ಗಕ್ಕೆ ಕೊಡಿಸುತ್ತೇನೆ’ ಎನ್ನುವವರಿಂದ ದೂರವಿರಿ.

ಆರ್.ಸಿ.ಯಲ್ಲಿರುವ ಚಾಸಿ ಸಂಖ್ಯೆ, ಇಂಜಿನ್ ಸಂಖ್ಯೆಗಳನ್ನು ಗಾಡಿಯ ಮೇಲಿರುವುದರೊಡನೆ ಒಂದೊಂದೇ ಅಂಕಿಯಾಗಿ ತಾಳೆ ನೋಡಿ. ಸಾಲ, ಬಾಕಿ ದಂಡ, ವಿಮೆಯ ಅವಧಿಗಳನ್ನು ಪರಿವಾಹನ್ ಜಾಲತಾಣದಲ್ಲಿ ನೋಡಬಹುದು. ವರ್ಗಾವಣೆಗೆ 29 ಮತ್ತು 30ನೇ ನಮೂನೆ, ಸಾಲವಿದ್ದರೆ ಅದು ತೀರಿದ್ದಕ್ಕೆ ಬ್ಯಾಂಕಿನ ಸಹಿಯುಳ್ಳ 35ನೇ ನಮೂನೆ, ಹೊರರಾಜ್ಯದ ಗಾಡಿಯಾದರೆ 28ನೇ ನಮೂನೆಯ ನಿರಾಕ್ಷೇಪಣಾ ಪತ್ರ ಬೇಕು. ಹೊರರಾಜ್ಯದ ಗಾಡಿಗೆ ಇಲ್ಲಿಯ ತೆರಿಗೆಯೂ ಕಟ್ಟಬೇಕಾಗುತ್ತದೆ. ‘ಹೆಸರು ಆಮೇಲೆ ಬದಲಾಯಿಸೋಣ’ ಎಂಬ ಮಾತಿಗೆ ಒಪ್ಪಬೇಡಿ. ಮಾರುವ ಸದಸ್ಯರಿಗೂ ಇದೇ ಮಾತು: ದಾಖಲೆಯಲ್ಲಿ ಹೆಸರಿರುವವನೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ.

ಆಳುಗಳ ಮಾತು

2023ರ ಆಗಸ್ಟ್ 25ರಂದು ನೆರೆಯ ವಯನಾಡಿನ ಮಾನಂದವಾಡಿ ಬಳಿ ಚಹಾ ತೋಟದ ಕೆಲಸಗಾರರು ಮರಳುತ್ತಿದ್ದ ಜೀಪು ಕಮರಿಗೆ ಉರುಳಿ 9 ಮಂದಿ ಹೆಂಗಸರು ಸತ್ತರು. ನಮ್ಮದೂ ಅಂಥದೇ ಗುಡ್ಡ, ಅಂಥದೇ ದಾರಿ, ಅಂಥದೇ ಜೀಪು.

ಬರಿಯ ಮೂರನೆಯವರ ವಿಮೆ ಖಾಸಗಿ ಗಾಡಿಯೊಳಗೆ ಕುಳಿತವರಿಗೆ ರಕ್ಷಣೆ ಕೊಡುವುದಿಲ್ಲ. ಕುಳಿತವರಿಗೂ ನಿಮ್ಮ ಕೆಲಸದವರಿಗೂ ಅನ್ವಯಿಸುವಂತೆ ಪ್ರೀಮಿಯಂ ಕಟ್ಟಿ, ಅದು ಪಾಲಿಸಿಯಲ್ಲಿ ಬರಹದಲ್ಲಿದೆಯೇ ಎಂದು ಓದಿ ನೋಡಿ. ಸೀಟಿನ ಸಂಖ್ಯೆ ಮೀರಿ ಕೂರಿಸಬೇಡಿ. ಚೀಲದ ಮೇಲೆ ಆಳು ಬೇಡ. ಎರಡು ಸಲ ಓಡಿದರೆ ಹೋಗುವುದು ಇನ್ನೂರು ರೂಪಾಯಿಯ ಪೆಟ್ರೋಲ್. ನೀರು ತುಂಬಿದ 200 ಲೀಟರಿನ ಡ್ರಮ್ಮು ಇನ್ನೂರು ಕಿಲೋ ಮೀರುತ್ತದೆ, ತಿರುವಿನಲ್ಲಿ ಅದರೊಳಗಿನ ನೀರು ಒಂದೇ ಬದಿಗೆ ಒತ್ತುತ್ತದೆ. ಡ್ರಮ್ಮನ್ನು ಖಾಲಿ ಒಯ್ದು ತೋಟದಲ್ಲೇ ತುಂಬಿಸಿ.

ಇಬ್ಬರು ಮೂವರು ನೆರೆಯವರು ಸೇರಿ ಕೊಳ್ಳುವ ಯೋಚನೆ ಚೆನ್ನಾದುದೇ. 106 ಸಲದ ಹೊರೆ ಮೂವರಿಗೆ ಹಂಚಿದರೆ ತಲಾ ಮೂವತ್ತೈದು. ಆದರೆ ಆರ್.ಸಿ. ಯಾರ ಹೆಸರಿನಲ್ಲಿ, ರಿಪೇರಿ ಯಾರು ಕೊಡುವುದು, ಕೊಯ್ಲಿನ ವಾರ ಯಾರ ಸರದಿ ಎಂಬುದನ್ನು ಮೊದಲೇ ಬರೆದಿಡಿ. ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ; ಅಪಘಾತವಾದರೆ ವಿಮೆಯೂ ಕೈಬಿಡಬಹುದು.

ನನ್ನ ಜೀಪು ಈಗಲೂ ಇದೆ. ಬ್ರೇಕು ಪೂರ್ತಿ ಬದಲಾಯಿಸಿದೆ, ಹಿಂಭಾಗದ ನೆಲಕ್ಕೆ ಹೊಸ ತಗಡು ಹಾಕಿಸಿದೆ. ಇಷ್ಟೆಲ್ಲ ಖರ್ಚು ಕೂಡಿಸಿದರೆ ಇನ್ನೂ ಒಳ್ಳೆಯ ಗಾಡಿಯೊಂದು ಬರುತ್ತಿತ್ತು. ಈ ಬೇಸಿಗೆಯಲ್ಲಿ ಗಾಡಿ ನೋಡಲು ಹೊರಡುವ ಸದಸ್ಯರು ಮುಂಗಡ ಕೊಡುವ ಮುನ್ನ ಮೇಲಿನ ಲೆಕ್ಕದ ಹಾಳೆಯನ್ನು ಮನೆಯವರೊಡನೆ ಕುಳಿತು ಒಮ್ಮೆ ಭರ್ತಿ ಮಾಡಿ. ಉತ್ತರ ‘ಬೇಡ’ ಎಂದು ಬಂದರೆ, ಆ ಹಣಕ್ಕೆ ತೋಟದ ಏರು ದಾರಿಗೆ ಕಲ್ಲು ಹಾಸಿ ಚರಂಡಿ ಮಾಡಿಸಿ. ಬಾಡಿಗೆಯ ಪಿಕಪ್ ಮಳೆಗಾಲದಲ್ಲೂ ಅಂಗಳದವರೆಗೆ ಬಂದೀತು.