ಪಾರಿವಾಳ ಊರುಗೋಲಾಗಬಲ್ಲದೇ?

ಕಣ್ಣು ಕಾಣದವರಿಗೆ ನಾಯಿ ದಾರಿ ತೋರಿಸುವುದನ್ನು ನಾವೆಲ್ಲ ಸಿನಿಮಾದಲ್ಲೋ ಮೊಬೈಲಿನಲ್ಲೋ ನೋಡಿದ್ದೇವೆ. ಅಂಥ ಕೆಲಸವನ್ನು ಪಾರಿವಾಳಕ್ಕೆ ಕಲಿಸಬಹುದೇ ಎಂದು ಯಾರಾದರೂ ಕೇಳಿದರೆ ನಗು ಬರುತ್ತದೆ. ನನ್ನನ್ನು ಕೇಳಿದವರು ಹಿರಿಯೂರಿನಲ್ಲಿರುವ ನನ್ನ ಮಾಮು, ಅಂದರೆ ತಾಯಿಯ ತಮ್ಮ. ಲಾರಿ ಓಡಿಸುತ್ತಿದ್ದ ಅವರಿಗೆ ಹೆದ್ದಾರಿಯ ಅಪಘಾತವೊಂದರಲ್ಲಿ ಮೊಣಕಾಲಿನ ಕೆಳಗೆ ಬಲಗಾಲು ಹೋಯಿತು. ಈಗ ಅವರ ಹತ್ತಿರ ಹದಿನಾರು ಪಾರಿವಾಳಗಳಿವೆ. "ನಾಯಿಗೆ ಬೆಲ್ಟ್ ಹಾಕಿ ಸೇವಾ ಪ್ರಾಣಿ ಅಂತಾರಲ್ಲ, ನನ್ನ ಕಬೂತರ್‌ಗಳಿಗೆ ಏನಂತಾರೆ?" ಎಂಬುದು ಅವರ ಪ್ರಶ್ನೆ. ಮನೆಯಲ್ಲಿ ಪಾರಿವಾಳಗಳನ್ನು ಕೊಟ್ಟುಬಿಡಬೇಕೇ ಬೇಡವೇ ಎಂಬ ಜಗಳ ನಡೆಯುತ್ತಿದ್ದಾಗ ಕೇಳಿದ್ದರಿಂದ ಅದನ್ನು ತಮಾಷೆ ಎಂದು ಬಿಡುವಂತಿರಲಿಲ್ಲ. ನಾನು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು 'ಸೇವಾ ಪ್ರಾಣಿ' ಎಂದರೇನು ನೋಡೋಣ. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡೆನ್‌ಬರ್ಗ್‌ನಲ್ಲಿ ದಾರಿ ತೋರುವ ನಾಯಿಗಳ ಶಾಲೆ ಶುರುವಾಯಿತು. 1929ರಲ್ಲಿ ಅಮೆರಿಕದಲ್ಲಿ 'ದಿ ಸೀಯಿಂಗ್ ಐ' ಎಂಬ ಸಂಸ್ಥೆ ಹುಟ್ಟಿತು. ಆಮೇಲೆ ಬೇರೆ ಬೇರೆ ಪ್ರಾಣಿಗಳೂ ಬಂದವು. ಕೈಕಾಲು ಆಡದವರಿಗೆ ನೀರಿನ ಬಾಟಲಿ ತಂದುಕೊಡಲು, ಪುಟ ತಿರುಗಿಸಲು ಸಣ್ಣ ಜಾತಿಯ ಕೋತಿಗಳಿಗೆ ತರಬೇತಿ ಕೊಡುವ ಸಂಸ್ಥೆಯೊಂದು 1979ರಲ್ಲಿ ಅಲ್ಲೇ ಆರಂಭವಾಯಿತು. ಪಕ್ಷಿಯ ಉದಾಹರಣೆಯೂ ಒಂದಿದೆ. ಮನಸ್ಸಿನ ಕಾಯಿಲೆಯಿಂದ ಸಿಟ್ಟು ತಡೆಯಲಾಗದ ಒಬ್ಬರು ತಮ್ಮ ಗಿಳಿಯನ್ನು ಬೆನ್ನಿನ ಪಂಜರದಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ಅವರಿಗೆ ಸಿಟ್ಟು ಏರುವುದನ್ನು ಗುರುತಿಸಿ ಅದು ಸಮಾಧಾನದ ಮಾತು ಹೇಳುತ್ತಿತ್ತಂತೆ. ಗಿಳಿ ಎಂದ ಕೂಡಲೇ ಯಾರೂ ಮರ ಹತ್ತಬೇಡಿ. ನಮ್ಮ ದೇಶದ ಗಿಳಿಗಳನ್ನು ಮನೆಯಲ್ಲಿ ಸಾಕುವುದು ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ.

ಹೀಗೆ ಪಟ್ಟಿ ಉದ್ದವಾದಾಗ ಅಮೆರಿಕದ ಸರ್ಕಾರ ಗೆರೆ ಎಳೆಯಿತು. 2011ರ ಮಾರ್ಚ್ 15ರಿಂದ ಅಲ್ಲಿನ ಅಂಗವಿಕಲರ ಕಾನೂನಿನಲ್ಲಿ ಸೇವಾ ಪ್ರಾಣಿ ಎಂದರೆ ನಾಯಿ ಮಾತ್ರ. ಕುಳ್ಳ ಜಾತಿಯ ಕುದುರೆಗೆ ಮಾತ್ರ ಪ್ರತ್ಯೇಕವಾಗಿ ಒಂದಿಷ್ಟು ಅವಕಾಶ. ಆ ನಾಯಿಯೂ ಸುಮ್ಮನೆ ಜೊತೆಗಿದ್ದರೆ ಸಾಲದು. ಆ ವ್ಯಕ್ತಿಯ ಅಂಗವೈಕಲ್ಯಕ್ಕೆ ಸಂಬಂಧಿಸಿದ ಒಂದು ನಿರ್ದಿಷ್ಟ ಕೆಲಸ ಕಲಿತಿರಬೇಕು. ಹತ್ತಿರವಿದ್ದರೆ ಮನಸ್ಸಿಗೆ ನೆಮ್ಮದಿ ಎಂಬುದನ್ನು ಕಾನೂನು ಕೆಲಸವೆಂದು ಒಪ್ಪುವುದಿಲ್ಲ. ಅಂಥ ಪ್ರಾಣಿಯನ್ನು 'ಭಾವನಾತ್ಮಕ ಆಸರೆಯ ಪ್ರಾಣಿ' ಎಂದು ಬೇರೆ ಹೆಸರಿನಿಂದ ಕರೆಯುತ್ತಾರೆ. ಆ ಹೆಸರಿನಲ್ಲಿ ವಿಮಾನಗಳಿಗೆ ಏನೇನೋ ಬರತೊಡಗಿದವು. 2018ರ ಜನವರಿಯಲ್ಲಿ ನೆವಾರ್ಕ್ ವಿಮಾನ ನಿಲ್ದಾಣಕ್ಕೆ ಒಬ್ಬರು ನವಿಲನ್ನೇ ತಂದಿದ್ದರು, ಹತ್ತಿಸಿಕೊಳ್ಳಲಿಲ್ಲ. 2020ರ ಡಿಸೆಂಬರಿನಲ್ಲಿ ವಿಮಾನಗಳಿಗೂ ನಾಯಿ ಮಾತ್ರ ಎಂಬ ನಿಯಮ ಬಂತು. ಸುಳ್ಳು ಹೇಳಿ ಸಾಕುಪ್ರಾಣಿ ತರುವವರಿಂದ ನಿಜವಾಗಿ ನಾಯಿಯನ್ನು ನಂಬಿ ಬದುಕುವ ಕುರುಡರಿಗೆ ತೊಂದರೆಯಾಗುತ್ತಿತ್ತು ಎಂಬುದನ್ನು ನೋಡಿದರೆ ಆ ನಿಯಮ ಸರಿ ಎಂದೇ ನನಗನಿಸುತ್ತದೆ. ಮಾಮು ಒಪ್ಪಲಿಲ್ಲ.

ಹಾಗಾದರೆ ಪಾರಿವಾಳ ದಡ್ಡ ಹಕ್ಕಿಯೇ? ಖಂಡಿತ ಅಲ್ಲ. ಅದರ ಕಣ್ಣು ತಲೆಯ ಎರಡು ಪಕ್ಕದಲ್ಲಿರುವುದರಿಂದ ತಲೆ ತಿರುಗಿಸದೆಯೇ ಸುತ್ತಲಿನ ಬಹುಭಾಗ ಕಾಣುತ್ತದೆ. ಬಣ್ಣ ಗುರುತಿಸುವುದರಲ್ಲಿ ನಮಗಿಂತ ಚುರುಕು. 1940ರ ದಶಕದಲ್ಲಿ ಬಿ. ಎಫ್. ಸ್ಕಿನ್ನರ್ ಎಂಬ ಮನೋವಿಜ್ಞಾನಿ ಅದಕ್ಕೆ ಪಾಠ ಹೇಳುವ ವಿಧಾನವನ್ನು ಚೆನ್ನಾಗಿ ತೋರಿಸಿಕೊಟ್ಟರು. ಸರಿಯಾದ ಚಿತ್ರಕ್ಕೆ ಕುಕ್ಕಿದರೆ ಕಾಳು ಬೀಳುತ್ತದೆ, ತಪ್ಪಿಗೆ ಕುಕ್ಕಿದರೆ ಏನೂ ಇಲ್ಲ. ಹೊಡೆಯುವುದಿಲ್ಲ, ಬೈಯುವುದಿಲ್ಲ. (ನಮ್ಮ ಲೆಕ್ಕಶಾಸ್ತ್ರದ ಪಾಠಕ್ಕೂ ಈ ಪದ್ಧತಿ ಬಂದರೆ ಒಳ್ಳೆಯದಿತ್ತು.)

ಇದೇ ವಿಧಾನದಿಂದ ಅಮೆರಿಕದ ಕರಾವಳಿ ಕಾವಲು ಪಡೆ 1970ರ ದಶಕದ ಕೊನೆಯಲ್ಲಿ 'ಸೀ ಹಂಟ್' ಎಂಬ ಪ್ರಯೋಗ ನಡೆಸಿತು. ಹೆಲಿಕಾಪ್ಟರಿನ ಹೊಟ್ಟೆಯ ಕೆಳಗೆ ಪಾರದರ್ಶಕ ಗುಮ್ಮಟ ಕಟ್ಟಿ ಅದರೊಳಗೆ ಮೂರು ಪಾರಿವಾಳಗಳನ್ನು ಮೂರು ದಿಕ್ಕಿಗೆ ಮುಖ ಮಾಡಿ ಕೂರಿಸಿದರು. ಸಮುದ್ರದಲ್ಲಿ ಜೀವರಕ್ಷಕ ಜಾಕೆಟ್ಟಿನ ಕಿತ್ತಳೆ ಬಣ್ಣ ಕಂಡರೆ ಮುಂದಿನ ಗುಂಡಿಯನ್ನು ಕುಕ್ಕಬೇಕು. ಯಾವ ಹಕ್ಕಿ ಕುಕ್ಕಿತೋ ಆ ದಿಕ್ಕಿಗೆ ಪೈಲಟ್ ಹೊರಳುತ್ತಾನೆ. ಪಾರಿವಾಳಗಳು ಮನುಷ್ಯರಿಗಿಂತ ಎಷ್ಟೋ ಹೆಚ್ಚು ಸಲ ಸರಿಯಾಗಿ ಪತ್ತೆ ಮಾಡಿದವು. 1980ರ ದಶಕದ ಆರಂಭದಲ್ಲಿ ಹಣವಿಲ್ಲದೆ ಆ ಯೋಜನೆ ನಿಂತುಹೋಯಿತು. 2015ರಲ್ಲಿ ಪ್ರಕಟವಾದ ಇನ್ನೊಂದು ಸಂಶೋಧನೆಯಲ್ಲಿ ಪಾರಿವಾಳಗಳಿಗೆ ಸ್ತನ ಕ್ಯಾನ್ಸರಿನ ಚಿತ್ರಗಳನ್ನು ತೋರಿಸಿದ್ದರು. ಕೆಲವೇ ವಾರಗಳಲ್ಲಿ ಅವು 100ಕ್ಕೆ ಸುಮಾರು 85 ಸಲ ಕ್ಯಾನ್ಸರ್ ಇರುವ, ಇಲ್ಲದ ಚಿತ್ರಗಳನ್ನು ಬೇರ್ಪಡಿಸಿದವು. ನಾಲ್ಕಾರು ಹಕ್ಕಿಗಳ ಉತ್ತರ ಒಟ್ಟುಗೂಡಿಸಿದರೆ ಇನ್ನೂ ಹೆಚ್ಚು.

ಪತ್ರ ಒಯ್ಯುವ ಕೆಲಸವಂತೂ ಹಳೆಯದು. 12ನೇ ಶತಮಾನದಲ್ಲಿ ಸಿರಿಯಾದ ಸುಲ್ತಾನ ನೂರುದ್ದೀನ್ ಪಾರಿವಾಳಗಳ ಅಂಚೆಯನ್ನೇ ನಡೆಸಿದ್ದ. ಅಕ್ಬರನ ಬಳಿ 20,000ಕ್ಕೂ ಹೆಚ್ಚು ಪಾರಿವಾಳಗಳಿದ್ದವೆಂದು 'ಐನ್-ಇ-ಅಕ್ಬರಿ' ಹೇಳುತ್ತದೆ. ಅವುಗಳ ಹಾರಾಟವನ್ನು ಅವನು 'ಇಷ್ಕ್‌ಬಾಜಿ' ಎಂದು ಕರೆಯುತ್ತಿದ್ದ. ನಮ್ಮ ದೇಶದಲ್ಲಿ ಸರ್ಕಾರಿ ನೌಕರಿ ಮಾಡಿದ ಪಾರಿವಾಳಗಳೂ ಇವೆ. 1946ರಲ್ಲಿ ಸೇನೆ ಕೊಟ್ಟ 200 ಹಕ್ಕಿಗಳಿಂದ ಒಡಿಶಾ ಪೊಲೀಸರು ಪಾರಿವಾಳ ಸೇವೆ ಆರಂಭಿಸಿದರು. ಮೊದಲು ಕೋರಾಪುಟ್‌ ಜಿಲ್ಲೆಯ ಕಾಡುಗುಡ್ಡಗಳಲ್ಲಿ, ಆಮೇಲೆ ಬೇರೆ ಜಿಲ್ಲೆಗಳಲ್ಲೂ ಅವು ಸುದ್ದಿ ಮುಟ್ಟಿಸಿದವು. 1982ರ ಪ್ರವಾಹದಲ್ಲಿ ಬಾಂಕಿ ಪಟ್ಟಣದ ದಾರಿಯೆಲ್ಲ ಕಡಿದುಹೋದಾಗ ಮತ್ತು 1999ರ ಮಹಾ ಚಂಡಮಾರುತದಲ್ಲಿ ವೈರ್‌ಲೆಸ್ ಸತ್ತಾಗ ಈ ಹಕ್ಕಿಗಳೇ ಆಸರೆಯಾದವು. ನಡೆಯಲಾಗದವರು, ಸಿಕ್ಕಿಹಾಕಿಕೊಂಡವರು ಹೊರಗಿನವರಿಗೆ ಸುದ್ದಿ ಕಳುಹಿಸಿದ್ದಕ್ಕೆ ನನಗೆ ಸಿಕ್ಕ ಅತ್ಯಂತ ಹತ್ತಿರದ ಉದಾಹರಣೆ ಇದೇ.

ಆದರೆ ಇಲ್ಲೊಂದು ಮಿತಿಯಿದೆ. ಪಾರಿವಾಳ ಹೋಗುವುದು ಒಂದೇ ಕಡೆ, ತನ್ನ ಗೂಡಿಗೆ. ಸೂರ್ಯನ ದಿಕ್ಕು, ಭೂಮಿಯ ಕಾಂತ ಶಕ್ತಿ, ವಾಸನೆ, ಕಂಡ ಗುರುತು ಎಲ್ಲವನ್ನೂ ಸೇರಿಸಿ ಅದು ಮನೆ ಹುಡುಕುತ್ತದೆ. 'ಆಸ್ಪತ್ರೆಗೆ ಹೋಗಿ ಹೇಳು' ಎಂದರೆ ಹೋಗುವುದಿಲ್ಲ. ಮೊದಲು ಯಾರಾದರೂ ಅದನ್ನು ಗೂಡಿನಿಂದ ದೂರ ಒಯ್ದಿಟ್ಟುಕೊಂಡಿರಬೇಕು. ನಾನು ಹಿರಿಯೂರಿನಿಂದ ಬರುವಾಗ ಎರಡು ಸಲ ಬುಟ್ಟಿಯಲ್ಲಿ ಮಾಮುವಿನ ಹಕ್ಕಿ ತಂದು ಇಲ್ಲಿ ಕೋಟೆಯ ಹತ್ತಿರ ಬಿಟ್ಟಿದ್ದೇನೆ. ಎರಡು ಸುತ್ತು ಹಾಕಿ ದಕ್ಷಿಣಕ್ಕೆ ತಿರುಗಿತು. ಮುಕ್ಕಾಲು ಗಂಟೆಯೊಳಗೆ "ಬಂತು" ಎಂದು ಮಾಮು ಫೋನ್ ಮಾಡಿದರು. ಫೋನ್ ಇದ್ದ ಮೇಲೆ ಪಾರಿವಾಳದ ಅಂಚೆ ಯಾಕೆ ಎಂದು ನೀವು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ.

ಇನ್ನು ಮನುಷ್ಯನ ಪಕ್ಕದಲ್ಲಿದ್ದು ಮಾಡುವ ಕೆಲಸ. ಪಾರಿವಾಳದ ತೂಕ 300ರಿಂದ 400 ಗ್ರಾಂ. ಅದು ಬಿದ್ದವರನ್ನು ಎತ್ತಲಾರದು, ಬಾಗಿಲು ಎಳೆಯಲಾರದು, ಟ್ರಾಫಿಕ್ಕಿನಲ್ಲಿ ಮುಂದೆ ನಡೆದು ದಾರಿ ತೋರಲಾರದು. ಹೊರಗೆ ಹೋಗುವವರೆಗೆ ನಾಯಿ ತಡೆದುಕೊಳ್ಳುತ್ತದೆ, ಪಾರಿವಾಳ ಎಲ್ಲಿ ಕೂತಿದೆಯೋ ಅಲ್ಲೇ ಹಿಕ್ಕೆ ಹಾಕುತ್ತದೆ. ಹಾಗಾಗಿ ಮಾಮುವಿನ ಪ್ರಶ್ನೆಗೆ ಕಾನೂನಿನ ಉತ್ತರ 'ಅಲ್ಲ' ಎಂದೇ. ನಮ್ಮ ದೇಶದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ, ಸರ್ಕಾರಿ ಉದ್ಯೋಗದಲ್ಲಿ ಶೇ. 4 ಮತ್ತು ಉನ್ನತ ಶಿಕ್ಷಣದಲ್ಲಿ ಶೇ. 5 ಮೀಸಲು ಕೊಟ್ಟಿದೆ. ಪಾರಿವಾಳದ ಮಾತು ಅದರಲ್ಲಿಲ್ಲ.

ಬಸ್ಸಿನ ಲೆಕ್ಕದಲ್ಲಂತೂ ಹಕ್ಕಿ ಒಬ್ಬ ಪ್ರಯಾಣಿಕ. 2024ರ ಮಾರ್ಚಿನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಅಜ್ಜಿ ಮೊಮ್ಮಗಳ ಜೊತೆ ನಾಲ್ಕು ಲವ್ ಬರ್ಡ್ಸ್ ಇದ್ದವು. ಶಕ್ತಿ ಯೋಜನೆಯಲ್ಲಿ ಅಜ್ಜಿಗೂ ಮೊಮ್ಮಗಳಿಗೂ ಉಚಿತ. ಹಕ್ಕಿಗಳಿಗೆ ಮಕ್ಕಳ ಟಿಕೆಟ್, ತಲಾ 111ರಂತೆ 444 ರೂಪಾಯಿ. ಆ ಟಿಕೆಟ್ಟಿನ ಚಿತ್ರ ಎಲ್ಲ ಕಡೆ ಹರಿದಾಡಿತ್ತು.

ಮತ್ತೆ ಆ ಹಕ್ಕಿಗಳು ಮಾಮುವಿಗೆ ಏನು ಕೊಟ್ಟವು? ಅಪಘಾತವಾದ ಮೇಲೆ ಅವರು ಏಳು ತಿಂಗಳು ಗೋಡೆಯ ಕಡೆ ತಿರುಗಿ ಮಲಗಿದ್ದರು. ಕೃತಕ ಕಾಲು ಬಂದರೂ ಅದು ಮಂಚದ ಕೆಳಗೇ ಇತ್ತು. ಹಳೆಯ ಕ್ಲೀನರ್ ಒಬ್ಬರು ಎರಡು ಜೋಡಿ ಪಾರಿವಾಳ ತಂದು ಹಿತ್ತಿಲಲ್ಲಿ ಬಿಟ್ಟುಹೋದರು. ಬೆಳಿಗ್ಗೆ ಆರಕ್ಕೆ ಕಾಳು ಹಾಕದಿದ್ದರೆ ಅವು ಸುಮ್ಮನಿರುವುದಿಲ್ಲ. ನಾನಿಗೆ ಬಗ್ಗಲಾಗುವುದಿಲ್ಲ. ಮಾಮು ಎದ್ದರು, ಕಾಲು ಕಟ್ಟಿಕೊಂಡರು. ಮರಿಗಳಾದಾಗ ಗಂಡು ಹೆಣ್ಣು ಎರಡೂ ತಮ್ಮ ಗಂಟಲ ಚೀಲದಲ್ಲಿ ಹಾಲಿನಂಥ ಆಹಾರ ಮಾಡಿ ಉಣಿಸುವುದನ್ನು ಗಂಟೆಗಟ್ಟಲೆ ನೋಡುತ್ತಿದ್ದರು. ಈಗ ತಿಂಗಳಿಗೆ ಸುಮಾರು 17 ಕಿಲೋ ಕಾಳು ಬೇಕು. ಜೋಳ, ಸಜ್ಜೆ, ಒಡೆದ ಮೆಕ್ಕೆಜೋಳ ಸೇರಿ 680 ರೂಪಾಯಿ. ಖರ್ಚಿನ ಪುಸ್ತಕ ಬರೆಯುವುದು ನಾನು. ಮರಿ ಮಾರಿ ಬಂದದ್ದನ್ನು ಜಮೆಗೆ ಹಾಕಿದರೂ ಖಾತೆ ನಷ್ಟದಲ್ಲೇ ಇದೆ.

ಜಗಳ ಬಂದದ್ದು ನಾನಿಯ ಕೆಮ್ಮಿನಿಂದ. ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಡುವ ಮೊದಲೇ "ಮನೆಯಲ್ಲಿ ಪಾರಿವಾಳ ಇದೆಯಾ?" ಎಂದು ಕೇಳಿದರು. ಒಣಗಿದ ಹಿಕ್ಕೆ ಮತ್ತು ರೆಕ್ಕೆಯ ಬಿಳಿ ಪುಡಿ ಗಾಳಿಯಲ್ಲಿ ಸೇರಿ ಉಸಿರಿನ ಜೊತೆ ಒಳಗೆ ಹೋಗುತ್ತದೆ. ಕೆಲವರ ದೇಹ ಅದರ ವಿರುದ್ಧ ಅತಿಯಾಗಿ ಸೆಣಸುತ್ತದೆ. ಒಣ ಕೆಮ್ಮು, ಏದುಸಿರು, ಸಂಜೆಯ ಹೊತ್ತಿಗೆ ಸಣ್ಣ ಜ್ವರ ಬರುತ್ತದೆ. ಹಲವು ವರ್ಷ ಹೀಗೇ ಆದರೆ ಶ್ವಾಸಕೋಶ ಗಟ್ಟಿಯಾಗುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ಇದಲ್ಲದೆ ಹಿಕ್ಕೆಯಲ್ಲಿ ಬೆಳೆಯುವ ಕ್ರಿಪ್ಟೋಕಾಕಸ್ ಎಂಬ ಶಿಲೀಂಧ್ರ ರೋಗನಿರೋಧಕ ಶಕ್ತಿ ಕಡಿಮೆ ಇರುವವರಿಗೆ ಅಪಾಯ. 2025ರಲ್ಲಿ ಮುಂಬೈಯ ದಾದರ್ ಕಬೂತರ್‌ಖಾನಾ ಮುಚ್ಚಿದ್ದಕ್ಕೆ ಅಷ್ಟು ಗಲಾಟೆಯಾಯಿತಲ್ಲ, ಅದರ ಹಿಂದಿದ್ದ ಕಾರಣವೂ ಇದೇ.

ಅಮ್ಮಿ "ಕಬೂತರ್ ದೊಡ್ಡದಾ, ಅಮ್ಮಾ ದೊಡ್ಡವರಾ?" ಎಂದು ಕೇಳಿದರು. ಮಾಮು ಎರಡು ದಿನ ಊಟ ಮಾಡಲಿಲ್ಲ. ನಾನಿಗೆ ಕಾಯಿಲೆ ಆರಂಭದ ಹಂತದಲ್ಲಿದೆ, ಹಕ್ಕಿಯ ಧೂಳು ಸೋಕದಂತೆ ನೋಡಿಕೊಂಡರೆ ಇಲ್ಲೇ ನಿಲ್ಲಬಹುದು ಎಂದು ಡಾಕ್ಟರು ಹೇಳಿದರು. ಆ ಕ್ಲೀನರ್ ಗೆಳೆಯರ ಖಾಲಿ ಸೈಟಿನಲ್ಲಿ, ಎರಡು ಬೀದಿ ಆಚೆ, ತಗಡಿನ ಗೂಡು ಕಟ್ಟಿಸಿದೆವು. ಮಾಮು ದಿನಕ್ಕೆ ಎರಡು ಹೊತ್ತು ಅಲ್ಲಿಗೆ ಹೋಗುತ್ತಾರೆ. ಹೋಗಿ ಬರಲು 600 ಮೀಟರ್, ಕೃತಕ ಕಾಲಿನಲ್ಲಿ. ಮನೆಗೆ ಬಂದು ಬಟ್ಟೆ ಬದಲಿಸದೆ ನಾನಿಯ ಕೋಣೆಗೆ ಹೋಗುವಂತಿಲ್ಲ.

ಹೊಸದುರ್ಗ, ಹೊಳಲ್ಕೆರೆ ಕಡೆಯಿಂದ ಬರುವ ನಮ್ಮ ಕಾಲೇಜಿನ ಹಲವರ ಮನೆಗಳಲ್ಲೂ ಪಾರಿವಾಳಗಳಿವೆ. ಗೂಡನ್ನು ಮಲಗುವ ಕೋಣೆಯ ಕಿಟಕಿಗೆ ತಾಗಿಸಿ ಇಡಬೇಡಿ. ಒಣ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಬೇಡಿ, ಮೊದಲು ನೀರು ಚಿಮುಕಿಸಿ, ಮೂಗು ಬಾಯಿ ಮುಚ್ಚುವ ಒಳ್ಳೆಯ ಮಾಸ್ಕ್ ಹಾಕಿಕೊಂಡು ಕೆರೆದು ತೆಗೆಯಿರಿ. ಕೆಮ್ಮು ಹತ್ತಿದವರು ಡಾಕ್ಟರಿಗೆ ಪಾರಿವಾಳದ ವಿಷಯವನ್ನು ತಾವಾಗಿಯೇ ಹೇಳಬೇಕು, ಕೇಳಲಿ ಎಂದು ಕಾಯಬಾರದು. ಮನೆಯಲ್ಲಿ ಅಂಗವೈಕಲ್ಯ ಇರುವವರಿದ್ದು ಇನ್ನೂ ಯುಡಿಐಡಿ ಕಾರ್ಡ್ ಮಾಡಿಸದಿದ್ದರೆ, ಹಳ್ಳಿಯವರು ಗ್ರಾಮ ಪಂಚಾಯಿತಿಯ ವಿ.ಆರ್.ಡಬ್ಲ್ಯೂ. ಅವರನ್ನು, ಬೇರೆಯವರು ತಾಲ್ಲೂಕಿನ ಎಂ.ಆರ್.ಡಬ್ಲ್ಯೂ. ಅವರನ್ನು ಕೇಳಿ. ಮಾಮುವಿನ ಕಾರ್ಡಿಗೆ ಅರ್ಜಿ ಹಾಕಿದ್ದೂ ಗೂಡು ಬದಲಾಯಿಸಿದ ಆ ವಾರದಲ್ಲೇ.