ಹಂದಿ, ಜಿಂಕೆ ಕಾಟಕ್ಕೆ ಯಾವ ಕ್ಯಾಲಿಬರ್? ಕೋವಿ ಕೇಳೋ ಮುಂಚೆ ಇದನ್ನು ಓದಿ

ಹೋದ ವಾರ ರಾತ್ರಿ ಹನ್ನೊಂದು ಗಂಟೆಗೆ ವಾಟ್ಸಾಪ್‌ಗೆ ಒಂದು ಫೋಟೊ ಬಂತು. ದೊಡ್ಡಬಳ್ಳಾಪುರ ಕಡೆಯ ಹುಡುಗ, ಎರಡೆಕರೆ ಮುಸುಕಿನ ಜೋಳ ಹಾಕಿದ್ದಾನೆ. ತೆನೆ ಹಾಲುಗಾಳಿಗೆ ಬಂದಿತ್ತು. ಹಂದಿ ಹಿಂಡು ಒಂದೇ ರಾತ್ರಿಯಲ್ಲಿ ಅರ್ಧ ಹೊಲ ಮಲಗಿಸಿಬಿಟ್ಟಿದೆ. ಫೋಟೊ ಕೆಳಗೆ ಒಂದೇ ಸಾಲು: "ಅಣ್ಣಾ, ಹಂದಿಗೆ, ಜಿಂಕೆಗೆ ಯಾವ ಕ್ಯಾಲಿಬರ್ ರೈಫಲ್ ಬೆಸ್ಟು? ಯೂಟ್ಯೂಬಲ್ಲಿ .243 ಅಂತಾರೆ."

ಹೊಟ್ಟೆ ಉರಿದಾಗ ಯಾರಿಗಾದರೂ ಬರುವ ಪ್ರಶ್ನೆಯೇ. ಅದಕ್ಕೇ ಬೈಯದೆ, ಪೂರ್ತಿ ಉತ್ತರ ಕೊಡೋಣ ಅಂತ ಕೂತಿದ್ದೇನೆ. ಉತ್ತರ ಅವನು ನಿರೀಕ್ಷಿಸಿದ ಹಾಗೆ ಒಂದು ನಂಬರ್ ಅಲ್ಲ.

ಮೊದಲು ಈ ನಂಬರ್ ಅಂದರೆ ಏನು ಅಂತ ತಿಳಿಯೋಣ. ಕ್ಯಾಲಿಬರ್ ಅಂದರೆ ನಳಿಗೆಯ ಒಳಗಿನ ಅಗಲ. .22 ಅಂದರೆ ಇಂಚಿನ ನೂರರಲ್ಲಿ 22 ಭಾಗ, ಸುಮಾರು ಐದೂವರೆ ಮಿಲಿಮೀಟರ್. .315 ಅಂದರೆ 8 ಮಿಲಿಮೀಟರ್. ರೈಫಲ್ ನಳಿಗೆಯ ಒಳಗೆ ಸುರುಳಿ ಗೆರೆಗಳಿರುತ್ತವೆ. ಗುಂಡು ತಿರುಗುತ್ತಾ ಹೊರಬರುವುದರಿಂದ ನೇರ ಹೋಗುತ್ತೆ, ದೂರ ಹೋಗುತ್ತೆ. ನಮ್ಮೂರುಗಳಲ್ಲಿ ಕಾಣುವ 12 ಬೋರ್ ಕೋವಿಯ ಲೆಕ್ಕವೇ ಬೇರೆ. ಆ ನಳಿಗೆಯಲ್ಲಿ ಸರಿಯಾಗಿ ಕೂರುವ ಸೀಸದ ಗುಂಡುಗಳನ್ನು ಒಂದು ಪೌಂಡಿಗೆ ಹನ್ನೆರಡು ಮಾಡಬಹುದು, ಅದಕ್ಕೇ 12 ಬೋರ್. ಒಳಗೆ ಗೆರೆ ಇಲ್ಲ, ನುಣುಪು ನಳಿಗೆ. ಒಂದು ತೋಟಾದಲ್ಲಿ ಹಲವು ಚರೆ ಇರುತ್ತವೆ, ಹೊರಬಂದ ಮೇಲೆ ಹರಡುತ್ತವೆ. 35-40 ಮೀಟರ್ ದಾಟಿದ ಮೇಲೆ ಅದರ ಮೇಲೆ ನಂಬಿಕೆ ಇಡೋಕಾಗಲ್ಲ.

ಪ್ರಾಣಿಗೆ ತಕ್ಕ ಕ್ಯಾಲಿಬರ್ ಅನ್ನುವುದರ ಹಿಂದೆ ಇರುವುದು ಒಂದೇ ವಿಚಾರ: ಪ್ರಾಣಿ ನರಳದೆ ಒಂದೇ ಏಟಿಗೆ ಬೀಳಬೇಕು. ಅದಕ್ಕೆ ಅಗಲ ಒಂದೇ ಸಾಲದು, ಗುಂಡಿನ ತೂಕ ಮತ್ತು ವೇಗ ಎರಡೂ ಸೇರಬೇಕು. .22 ರಿಮ್‌ಫೈರ್ ಗುಂಡು ಎರಡೂವರೆ ಗ್ರಾಂ ಚಿಲ್ಲರೆ, ಅದರ ಶಕ್ತಿ 200 ಜೂಲ್ ಒಳಗೇ. .30-06 ಗುಂಡು ಹತ್ತು ಗ್ರಾಂ ಆಸುಪಾಸು, ಶಕ್ತಿ ಸುಮಾರು 3,800 ಜೂಲ್. ಇಂಗ್ಲೆಂಡಿನಲ್ಲಿ ದೊಡ್ಡ ಜಾತಿಯ ಜಿಂಕೆಗೆ ಕನಿಷ್ಠ .240 ಕ್ಯಾಲಿಬರ್, 1,700 ಫುಟ್-ಪೌಂಡ್, ಅಂದರೆ ಸುಮಾರು 2,300 ಜೂಲ್ ಇರಲೇಬೇಕು ಅಂತ 1991ರ ಕಾನೂನೇ ಇದೆ. ಅಲ್ಲಿ ಜಿಂಕೆ ತಿನ್ನುವ ಹುಲಿ, ಚಿರತೆ ಇಲ್ಲ. ಬೇಟೆಗೆ ಸೀಸನ್ ಇದೆ, ಪರವಾನಗಿ ಇದೆ. ನೀವು ನೋಡುವ ಯೂಟ್ಯೂಬ್ ವಿಡಿಯೊಗಳೆಲ್ಲ ಅಂಥ ದೇಶದವು. ಅವರ ಲೆಕ್ಕ ಸರಿಯೇ ಇದೆ, ಆದರೆ ನಮ್ಮ ಹೊಲಕ್ಕೆ ಕೂರಲ್ಲ.

ನಮ್ಮಲ್ಲೂ ಒಂದು ಕಾಲದಲ್ಲಿ ಈ ಮಾತು ನಡೆಯುತ್ತಿತ್ತು. ಬೆಂಗಳೂರಿನ ಕೆನೆತ್ ಆಂಡರ್ಸನ್ ನರಭಕ್ಷಕಗಳ ಹಿಂದೆ ಓಡಾಡಿದ್ದು .405 ವಿಂಚೆಸ್ಟರ್ ಹಿಡಿದು. ಇಲ್ಲಿ ಅಲ್ಲಾಳಸಂದ್ರದಲ್ಲಿ ಕೂತವರಿಗೆ ಜಾಲಹಳ್ಳಿ ಎಷ್ಟು ದೂರ ಹೇಳಿ? ತೇಜಸ್ವಿಯವರು ಕನ್ನಡಕ್ಕೆ ತಂದ 'ಜಾಲಹಳ್ಳಿಯ ಕುರ್ಕ' ಅಲ್ಲಿಯದೇ ಚಿರತೆಯ ಕತೆ. ಇನ್ನು .315 ರೈಫಲ್ ಹುಟ್ಟಿದ ಬಗೆ ಕೇಳಿದರೆ ನಗು ಬರುತ್ತೆ. ಬ್ರಿಟಿಷ್ ಸೈನ್ಯದ ರೈಫಲ್ .303. ಆ ತೋಟಾ ಜನರ ಕೈಗೆ ಸಿಗಬಾರದು ಅಂತ ನಾಗರಿಕರಿಗೆ ಬೇರೆ ಅಳತೆ ಕೊಟ್ಟರು. ಸಾಹೇಬರು ಹೋದರೂ ಆ ಅಳತೆ ಉಳಿಯಿತು, ಸರ್ಕಾರಿ ಕಾರ್ಖಾನೆಯಲ್ಲಿ .315 ತಯಾರಾಗುತ್ತಲೇ ಬಂತು. .303, 7.62 ಇವೆಲ್ಲ ಇವತ್ತಿಗೂ ನಿಷೇಧಿತ ಬೋರ್. ಅಂದರೆ ಕ್ಯಾಲಿಬರ್ ಅನ್ನುವುದು ಈ ದೇಶದಲ್ಲಿ ಪ್ರಾಣಿಯನ್ನು ನೋಡಿ ತೀರ್ಮಾನ ಆದದ್ದಕ್ಕಿಂತ ಕಾನೂನು ನೋಡಿ ತೀರ್ಮಾನ ಆದದ್ದೇ ಜಾಸ್ತಿ.

ಈಗ ಅಸಲು ವಿಷಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಜಿಂಕೆ, ಕಡವೆ, ಕೃಷ್ಣಮೃಗ ಯಾವುದರ ಬೇಟೆಗೂ ಅವಕಾಶ ಇಲ್ಲ. ಸೀಸನ್ ಇಲ್ಲ, ಪಾಸ್ ಇಲ್ಲ. ಹೊಲ ನಿಮ್ಮದೇ ಆದರೂ ಅಷ್ಟೆ. ಬೇಟೆ ಅಂದರೆ ಗುಂಡು ಹಾರಿಸುವುದು ಮಾತ್ರ ಅಂದುಕೊಳ್ಳಬೇಡಿ. ಉರುಳು ಹಾಕುವುದು, ವಿಷ ಇಡುವುದು, ಬಲೆಗೆ ಅಟ್ಟುವುದು, ಇವಕ್ಕೆ ಪ್ರಯತ್ನ ಪಡುವುದೂ ಬೇಟೆಯೇ. 2022ರ ತಿದ್ದುಪಡಿ ಆದಮೇಲೆ ಸಾಮಾನ್ಯ ಅಪರಾಧಕ್ಕೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ನವಿಲು, ಕೃಷ್ಣಮೃಗದಂಥ ಮೊದಲ ಪಟ್ಟಿಯ ಪ್ರಾಣಿಯಾದರೆ ಕನಿಷ್ಠ 3 ವರ್ಷ, 7 ವರ್ಷದವರೆಗೂ ಹೋಗಬಹುದು. ಒಂದು ಕೇಸು ಬಿದ್ದರೆ ಪಾಸ್‌ಪೋರ್ಟು, ಕೆಲಸ, ಮದುವೆ ಮಾತುಕತೆ ಎಲ್ಲದಕ್ಕೂ ಅಡ್ಡ. ಎರಡೆಕರೆ ಜೋಳ ಅದರ ಮುಂದೆ ಏನೂ ಅಲ್ಲ.

ಕಾಡುಹಂದಿ ಎರಡನೇ ಪಟ್ಟಿಯಲ್ಲಿದೆ. ಇಲ್ಲಿ ಒಂದು ಬಾಗಿಲು ತೆರೆದಿದೆ. ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಪ್ರಾಣಿಯಿಂದ ಜೀವಕ್ಕೆ ಅಥವಾ ನಿಂತ ಬೆಳೆಗೆ ಅಪಾಯ ಇದೆ ಅಂತ ಮನವರಿಕೆಯಾದರೆ ಮುಖ್ಯ ವನ್ಯಜೀವಿ ಪರಿಪಾಲಕರು, ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ, ಕಾರಣ ಬರೆದು ಲಿಖಿತ ಅನುಮತಿ ಕೊಡಬಹುದು. ಕೊಡಬಹುದು, ಕೊಡಲೇಬೇಕು ಅಂತಲ್ಲ. ಕೊಟ್ಟ ಮೇಲೂ ಸತ್ತ ಹಂದಿ ಸರ್ಕಾರದ ಆಸ್ತಿ, ಬಾಡೂಟದ ಆಸೆ ಬಿಡಿ. "ಬಿಹಾರದಲ್ಲಿ ಹೊಡೀಬಹುದಂತಲ್ಲ" ಅಂತ ಕೆಲವರು ಕೇಳುತ್ತಾರೆ. ಅದು 62ನೇ ಸೆಕ್ಷನ್ ಅಡಿಯಲ್ಲಿ ಕೇಂದ್ರ ಸರ್ಕಾರ 2015-16ರ ಹೊತ್ತಿಗೆ ಬಿಹಾರ, ಉತ್ತರಾಖಂಡದ ಕೆಲವು ಜಿಲ್ಲೆಗಳಿಗೆ, ಗೊತ್ತಾದ ಅವಧಿಗೆ ಮಾತ್ರ ಕೊಟ್ಟಿದ್ದ ವಿನಾಯಿತಿ. ಫಾರ್ವರ್ಡ್ ಮೆಸೇಜಿನಲ್ಲಿ ಈ ಜಿಲ್ಲೆ, ಈ ಅವಧಿ ಎರಡೂ ಬಿಟ್ಟುಹೋಗಿರುತ್ತವೆ.

ಕೋವಿಯ ಕಡೆಯಿಂದ ಬನ್ನಿ. 1959ರ ಆಯುಧ ಕಾಯ್ದೆಯ 13ನೇ ಸೆಕ್ಷನ್ ಬೆಳೆ ರಕ್ಷಣೆ ಅಂತ ಹೆಸರೆತ್ತಿ ಹೇಳುತ್ತೆ. ಅದರಲ್ಲಿ ರೈತನಿಗೆ ಇರುವುದು ಮುಂದಿನಿಂದ ಮದ್ದು ತುಂಬುವ ಕೋವಿ, ಮಲೆನಾಡಿನವರು ಕೇಪಿನ ಕೋವಿ ಅಂತಾರಲ್ಲ, ಅದು. ಅದು ಸಾಲದು ಅಂತ ಅಧಿಕಾರಿಗೆ ಅನಿಸಿದರೆ 20 ಇಂಚಿಗಿಂತ ಕಡಿಮೆ ಇಲ್ಲದ ನಳಿಗೆಯ ನುಣುಪು ಕೋವಿ, ಅಂದರೆ ನಮ್ಮ 12 ಬೋರ್ ಥರದ್ದು. ಬೆಳೆ ರಕ್ಷಣೆಯ ಆ ಸಾಲಿನಲ್ಲಿ ರೈಫಲ್ ಅನ್ನೋ ಮಾತೇ ಇಲ್ಲ. ಹಾಗಾಗಿ .243 ಬೆಸ್ಟೋ .30-06 ಬೆಸ್ಟೋ ಅನ್ನೋ ಚರ್ಚೆ ನಮ್ಮ ಹೊಲದ ಮಟ್ಟಿಗೆ ಅಲ್ಲಿಗೇ ಮುಗಿಯುತ್ತೆ.

ನನ್ನ ಪ್ರಕಾರ ಈ ಒಂದು ವಿಷಯದಲ್ಲಿ ಕಾನೂನು ಬರೆದವರಿಗೆ ಹೊಲ ಗೊತ್ತಿತ್ತು. ಪುಟ್ಟ .22 ಗುಂಡು ಕೂಡ ಗುರಿ ತಪ್ಪಿದರೆ ಒಂದೂವರೆ ಕಿಲೋಮೀಟರ್ ತನಕ ಹೋಗಬಲ್ಲದು. ದೊಡ್ಡ ರೈಫಲ್‌ನದು ಅದಕ್ಕಿಂತ ಎಷ್ಟೋ ದೂರ. ಯಲಹಂಕ, ಹೆಸರಘಟ್ಟ, ದೊಡ್ಡಬಳ್ಳಾಪುರ ಸುತ್ತ ಎಲ್ಲಿ ನಿಂತು ನೋಡಿದರೂ ಒಂದೂವರೆ ಕಿಲೋಮೀಟರ್ ಒಳಗೆ ಒಂದು ಲೇಔಟು, ಒಂದು ಲೇಬರ್ ಶೆಡ್ಡು, ಒಂದು ಸ್ಕೂಲು ಸಿಗುತ್ತೆ. ಅಲ್ಲಾಳಸಂದ್ರವೇ ಒಂದು ಕಾಲಕ್ಕೆ ಹೊಲ, ಕೆರೆ ಇದ್ದ ಹಳ್ಳಿ; ಇವತ್ತು ಇಲ್ಲಿ ನೋಡುವಷ್ಟು ದೂರ ಅಪಾರ್ಟ್‌ಮೆಂಟು. ನಿಮ್ಮ ಹೊಲದ ಬದುವಿಗೂ ಅದೇ ಬರ್ತಾ ಇದೆ. ಹಂದಿ ಬರುವುದು ಕತ್ತಲಲ್ಲಿ. ಜೋಳದ ನಡುವೆ ಅಲ್ಲಾಡಿದ್ದು ಹಂದಿಯೋ, ನೀರು ಬಿಡೋಕೆ ಬಂದ ಪಕ್ಕದ ಹೊಲದವನೋ? ಹಂದಿ ಅಂದುಕೊಂಡು ಜೊತೆಗಾರನಿಗೇ ಈಡು ಹೊಡೆದ ಸುದ್ದಿ ಮಲೆನಾಡಿನಿಂದ ಬರುತ್ತಲೇ ಇರುತ್ತೆ.

ಕೊಡಗಿನವರಿಗೆ ಹೇಗೆ ಬಿಟ್ಟಿದ್ದಾರೆ ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತೆ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿಗೆ ಲೈಸೆನ್ಸ್‌ನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಕೋವಿ ಇಟ್ಟುಕೊಳ್ಳೋದಕ್ಕೆ, ಬೇಟೆಗಲ್ಲ. ವನ್ಯಜೀವಿ ಕಾಯ್ದೆ ಮಡಿಕೇರಿಗೂ ಒಂದೇ, ಮಾಗಡಿಗೂ ಒಂದೇ.

ಏರ್‌ಗನ್ ವಿಷಯವನ್ನೂ ಹೇಳಿಬಿಡ್ತೀನಿ, ಯಾಕೆಂದರೆ ಹುಡುಗರು ಜಾಸ್ತಿ ಸಿಕ್ಕಿಹಾಕಿಕೊಳ್ಳೋದು ಇಲ್ಲೇ. ಕಡಿಮೆ ಶಕ್ತಿಯ .177 ಏರ್‌ಗನ್‌ಗೆ ಲೈಸೆನ್ಸ್ ಬೇಡ, ನಿಜ. ಅದನ್ನು ಡಬ್ಬಿಗೆ ಹೊಡೆಯಿರಿ. ದ್ರಾಕ್ಷಿಗೆ ಬಂದ ನವಿಲಿಗೆ ಹೊಡೆದರೆ ಗನ್‌ಗೆ ಲೈಸೆನ್ಸ್ ಬೇಕಿರಲಿಲ್ಲ ಅನ್ನೋದು ನಿಮ್ಮನ್ನು ಉಳಿಸಲ್ಲ.

ಲೈಸೆನ್ಸ್ ಇರುವ ಕೋವಿ ಮನೆಯಲ್ಲಿದ್ದರೆ

ಅಪ್ಪನದೋ ತಾತನದೋ ಕೋವಿ ಮನೆಯಲ್ಲಿದ್ದರೆ ಅದು ನಿಮ್ಮದಾಗಲಿಲ್ಲ. ಲೈಸೆನ್ಸ್ ವ್ಯಕ್ತಿಗೆ, ಮನೆಗಲ್ಲ. ಹಿರಿಯರು ತೀರಿಕೊಂಡಿದ್ದರೆ ತಡಮಾಡದೆ ಪೊಲೀಸ್ ಠಾಣೆಗೆ ತಿಳಿಸಿ, ನಿಮ್ಮ ಹೆಸರಿಗೆ ಅರ್ಜಿ ಹಾಕಿ. ಬೆಂಗಳೂರು ನಗರದಲ್ಲಿ ಪೊಲೀಸ್ ಕಮಿಷನರ್, ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿ ಲೈಸೆನ್ಸ್ ಕೊಡುವವರು. ಅವಧಿ ಈಗ 5 ವರ್ಷ, ಮುಗಿಯೋ ಮುಂಚೆ ನವೀಕರಣ ಮಾಡಿಸಿ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಅಂತ ನೋಟಿಸ್ ಬರುತ್ತೆ. ಫಸಲಿನ ಹೊತ್ತಿಗೇ ಬಂದರೆ ಕಷ್ಟ, ಆದರೆ ವಿನಾಯಿತಿ ಬೇಕಿದ್ದರೆ ಲಿಖಿತವಾಗಿ ಕೇಳಬೇಕು, ಅಟ್ಟದಲ್ಲಿ ಬಚ್ಚಿಡಬಾರದು. ಕೋವಿ ಬೇರೆ, ತೋಟಾ ಬೇರೆ ಬೀಗದಲ್ಲಿರಲಿ. ತುಕ್ಕು ಹಿಡಿದ ಹಳೇ ನಳಿಗೆಯಲ್ಲಿ ಈಡು ಹೊಡೆದರೆ ಸಿಡಿಯುವುದು ನಿಮ್ಮ ಮುಖದ ಹತ್ತಿರ.

ಗಾಯಗೊಂಡ ಹಂದಿ ಬಗ್ಗೆಯೂ ಒಂದು ಮಾತು. ನಮ್ಮ ಸೋದರಮಾವನ ಊರಲ್ಲಿ ನಾನು ಚಿಕ್ಕವನಿದ್ದಾಗ ಯಾರೋ ದೂರದಿಂದ ಸಣ್ಣ ಚರೆ ಹೊಡೆದು ಹಂದಿ ತಪ್ಪಿಸಿಕೊಂಡಿತ್ತು. ಬೆಳಿಗ್ಗೆ ಲಂಟಾನ ಪೊದೆಯಿಂದ ನುಗ್ಗಿ ಬಂದು ಮಾವನ ನಾಯಿಯ ಹೊಟ್ಟೆ ಸೀಳಿತು. ಐದು ಹೆಜ್ಜೆ ಹಿಂದೆ ಅತ್ತೆ ಹುಲ್ಲಿನ ಹೊರೆ ಹೊತ್ತು ನಿಂತಿದ್ದರು. ಹೊಡೆದವನು ಆ ಹೊತ್ತಿಗೆ ಮನೆಯಲ್ಲಿ ಮಲಗಿದ್ದ.

ಹಾಗಾದರೆ ಜೋಳ ಉಳಿಸೋದು ಹೇಗೆ?

ದುಡ್ಡು ಹಾಕೋದಾದರೆ ಸೋಲಾರ್ ಬೇಲಿಗೆ ಹಾಕಿ. ಅದರ ಯಂತ್ರ ಸೆಕೆಂಡಿಗೊಮ್ಮೆ ಚಿಟಿಕೆ ಹೊಡೆದ ಹಾಗೆ ಶಾಕ್ ಕೊಡುತ್ತೆ. ವೋಲ್ಟೇಜ್ ಜಾಸ್ತಿ, ಆದರೆ ಕ್ಷಣಮಾತ್ರ, ಅದಕ್ಕೇ ಪ್ರಾಣ ಹೋಗಲ್ಲ. ಹಂದಿ ಮೂಗಿನಿಂದ ತಳ್ಳಿ ನುಗ್ಗುವ ಪ್ರಾಣಿ. ಹಾಗಾಗಿ ಕೆಳಗಿನ ತಂತಿ ನೆಲದಿಂದ ಒಂದು ಗೇಣು ಎತ್ತರದಲ್ಲೇ ಇರಬೇಕು, ಅದರ ಮೇಲೆ ಗೇಣಿಗೊಂದರಂತೆ ಇನ್ನೆರಡು. ಜನ ಸೋಲಾರ್ ಬೇಲಿ ಕೆಲಸ ಮಾಡಲಿಲ್ಲ ಅನ್ನೋದು ಹೆಚ್ಚಾಗಿ ಮೊದಲ ತಂತಿಯನ್ನು ಮೊಣಕಾಲು ಎತ್ತರಕ್ಕೆ ಕಟ್ಟಿದಾಗ, ಇಲ್ಲ ಕೆಳಗೆ ಹುಲ್ಲು ಬೆಳೆದು ತಂತಿಗೆ ತಾಗಿ ಕರೆಂಟು ನೆಲಕ್ಕೆ ಹೋದಾಗ. ವಾರಕ್ಕೊಮ್ಮೆ ತಂತಿ ಕೆಳಗೆ ಕಳೆ ತೆಗೆಯಿರಿ. ಅರ್ಥಿಂಗ್ ರಾಡ್ ಬುಡ ಬೇಸಿಗೆಯಲ್ಲಿ ಒದ್ದೆ ಇರಲಿ. ಜಿಂಕೆ ಹಾರುವ ಪ್ರಾಣಿ, ಅದಕ್ಕೆ ಎತ್ತರ ಬೇಕು. ಬೇಲಿಯ ಹೊರಗೆ ಹಳೇ ಸೀರೆ ಸಾಲು ಕಟ್ಟಿದರೆ ಆಚೆ ಏನಿದೆ ಅಂತ ಕಾಣದೆ ಹಾರಲು ಹಿಂಜರಿಯುತ್ತೆ. ಅಕ್ಕಪಕ್ಕದ ನಾಲ್ಕು ಹೊಲದವರು ಸೇರಿ ಒಂದೇ ಬೇಲಿ ಹಾಕಿದರೆ ತಲೆಗೆ ಬೀಳುವ ಖರ್ಚು ಎಷ್ಟೋ ಇಳಿಯುತ್ತೆ. ಸಬ್ಸಿಡಿ ಇದೆಯಾ ಅಂತ ಅರಣ್ಯ ಇಲಾಖೆ ಕಚೇರಿಯಲ್ಲಿ ಕೇಳಿ. ನವೆಂಬರ್ ಆಸುಪಾಸು ನಮ್ಮ ಪಕ್ಕದ ಜಿಕೆವಿಕೆಯಲ್ಲಿ ಕೃಷಿಮೇಳ ನಡೆದಾಗ ಯಂತ್ರ ಮುಟ್ಟಿ ನೋಡಿ, ಚೌಕಾಸಿ ಮಾಡಿ ತನ್ನಿ.

ಮನೆಯ ಕರೆಂಟನ್ನು ನೇರ ತಂತಿಗೆ ಕೊಡೋದು ಮಾತ್ರ ಬೇಡವೇ ಬೇಡ. ಅದರಲ್ಲಿ ಸಾಯೋದು ಹಂದಿಯೊಂದೇ ಅಲ್ಲ, ಆನೆ, ದನ, ಕೊನೆಗೆ ಹಾಕಿದವನೇ. ಸಿಡಿಮದ್ದು, ಉರುಳು ಕೂಡ ಹೀಗೇ. ಹಂದಿಗೆ ಅಂತ ಇಟ್ಟ ಉರುಳಿಗೆ ಚಿರತೆ ಬಿದ್ದರೆ ನೀವು ಮೊದಲ ಪಟ್ಟಿಯ ಕೇಸಿನಲ್ಲಿ ಬೀಳ್ತೀರಿ.

ಬೆಳೆ ಈಗಾಗಲೇ ಹೋಗಿದ್ದರೆ, ನೆಲ ಸರಿ ಮಾಡೋಕೆ ಮುಂಚೆ ಫೋಟೊ ತೆಗೆಯಿರಿ: ಹೊಲದ ನಾಲ್ಕು ಮೂಲೆಯಿಂದ ಒಂದೊಂದು, ಹೆಜ್ಜೆ ಗುರುತಿನದು ಹತ್ತಿರದಿಂದ ಒಂದು, ಮೊಬೈಲ್‌ನಲ್ಲಿ ಲೊಕೇಶನ್ ಆನ್ ಇಟ್ಟು. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೊತೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಅರ್ಜಿ ಕೊಡಿ. ಅರಣ್ಯ ಇಲಾಖೆ ಇದನ್ನು ಇ-ಪರಿಹಾರ ಅನ್ನೋ ಆನ್‌ಲೈನ್ ವ್ಯವಸ್ಥೆಯಲ್ಲಿ ಹಾಕುತ್ತೆ. ಅರ್ಜಿ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಬರುವ ಹಣ ನಿಮ್ಮ ನಷ್ಟಕ್ಕೆ ಸರಿಸಮ ಆಗಲ್ಲ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೂ ಹಾಕಿ. ಮುಂದೆ 11ನೇ ಸೆಕ್ಷನ್ ಅಡಿ ಹಂದಿಗೆ ಅನುಮತಿ ಕೇಳುವ ದಿನ ಬಂದರೆ ನಿಮ್ಮ ಕೈಯಲ್ಲಿ ದಾಖಲೆ ಅಂತ ಇರೋದು ಈ ಅರ್ಜಿಗಳೇ.

ದೊಡ್ಡಬಳ್ಳಾಪುರದ ಹುಡುಗನಿಗೆ ಇಷ್ಟನ್ನೂ ವಾಯ್ಸ್ ಮೆಸೇಜಲ್ಲಿ ಹೇಳಿದೆ. ಬೆಳಿಗ್ಗೆ ಉತ್ತರ ಬಂತು: "ಸರಿ ಅಣ್ಣಾ. ಆ ಮೊದಲನೇ ತಂತಿ ಎಷ್ಟು ಎತ್ತರ ಅಂದ್ರಿ?"